ಪುಸ್ತಕದ ಪ್ರಶ್ನೆ: ಹತ್ತನೇ ಸಂಪುಟದ ಅರಣ್ಯಪರ್ವ

ಈ ತಿಂಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಉದ್ದನೆಯ ಫ್ಯಾಂಟಸಿ ಸರಣಿಗಳ ನಡುವಿನ ಸಂಪುಟಗಳ ಮೇಲೆಯೇ ಇವೆ. ಅದರಲ್ಲೂ ರಾಬರ್ಟ್ ಜೋರ್ಡನ್ ಅವರ 'ವೀಲ್ ಆಫ್ ಟೈಮ್' ಸರಣಿಯ ಹತ್ತನೇ ಸಂಪುಟ 'ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್' ಹಿಡಿದವರ ಬೇಸರ, ಸಿಟ್ಟು, ಗೊಂದಲ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉತ್ತರಗಳಲ್ಲಿ ಕಥೆಯ ಗುಟ್ಟುಗಳು ಹೊರಬೀಳುತ್ತವೆ. ಎಲ್ಲಿಯವರೆಗಿನ ಗುಟ್ಟು ಎಂಬುದನ್ನು ಪ್ರಶ್ನೆಯ ಕೆಳಗೇ ಹಾಕಿದ್ದೇವೆ. ಅಷ್ಟು ಓದಿರದವರು ಆ ಉತ್ತರ ದಾಟಿಕೊಂಡು ಮುಂದಕ್ಕೆ ಹೋಗಿ.

ಪ್ರಶ್ನೆ: ಒಂಬತ್ತು ಭಾಗ ಒಂದೇ ಉಸಿರಿನ್ಯಾಗ ಓದೀನ್ರಿ. ಹತ್ತನೇದ್ದು ಹಿಡಿದು ಮೂರು ತಿಂಗಳಾತು, ಇನ್ನೂ ಅರ್ಧಕ್ಕ ಬಂದಿಲ್ಲ. ಏನೂ ನಡಿಯಂಗಿಲ್ಲ ಇದರಾಗ. ತಪ್ಪು ನಂದೋ, ಪುಸ್ತಕದ್ದೋ?
— ಓದುಗರು, ಸಿರುಗುಪ್ಪ
(ಗುಟ್ಟು: 'ವೀಲ್ ಆಫ್ ಟೈಮ್' 13ನೇ ಸಂಪುಟದವರೆಗೆ)

ಅರ್ಧ ತಪ್ಪು ಪುಸ್ತಕದ್ದೇ. ಅದನ್ನು ಮುಚ್ಚಿಡುವುದು ಬೇಡ.

ಒಂಬತ್ತನೇ ಸಂಪುಟ 'ವಿಂಟರ್ಸ್ ಹಾರ್ಟ್' ಎಲ್ಲಿಗೆ ಮುಗಿದಿತ್ತು ನೆನಪಿಸಿಕೊಳ್ಳಿ. ಗಂಡಸರು ಬಳಸುವ ಶಕ್ತಿಯಾದ ಸೈದೀನಿಗೆ ಅಂಟಿದ್ದ ವಿಷವನ್ನು ಕಥಾನಾಯಕ ರಾಂಡ್, ತನ್ನೂರಿನ ನೈನೀವಳ ಜೊತೆಗೂಡಿ, ಶಾದಾರ್ ಲೊಗೋತ್ ಎಂಬ ಹಾಳೂರಿನ ಬಳಿ ತೊಳೆದುಹಾಕುತ್ತಾನೆ. ಸರಣಿಯ ಅತಿ ದೊಡ್ಡ ಘಟನೆಗಳಲ್ಲಿ ಅದೊಂದು. ಮುಂದೇನು ಎಂದು ಹಾಳೆ ತಿರುಗಿಸಿದ ಓದುಗನನ್ನು ಹತ್ತನೇ ಸಂಪುಟ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ರಾಂಡ್‌ನ ಸಂಗಡಿಗರಾದ ಮ್ಯಾಟ್, ಪೆರಿನ್, ಎಲೇನ್, ಎಗ್ವೇನ್ ಒಬ್ಬೊಬ್ಬರ ಕಥೆಯೂ ಅದೇ ದಿನದ ಆಚೀಚೆ ನಡೆಯುತ್ತದೆ. ದೂರದಲ್ಲೆಲ್ಲೋ ಎದ್ದ ಆ ಶಕ್ತಿ ಅವರಿಗೆ, ಅವರ ಸುತ್ತ ಇದ್ದವರಿಗೆ ಹೇಗೆ ತಟ್ಟಿತು ಎಂಬುದನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಏನಾಯಿತು ಎಂದು ನಮಗೆ ಮೊದಲೇ ಗೊತ್ತು, ಅವರಿಗೆ ಗೊತ್ತಿಲ್ಲ. ಗಾಣದೆತ್ತು ಎಷ್ಟು ನಡೆದರೂ ಗಾಣದ ಸುತ್ತಲೇ. ರಾಂಡ್ ಅಂತೂ ಪುಸ್ತಕದಲ್ಲಿ ಕಾಣಿಸುವುದೇ ಅಪರೂಪ.

ಇನ್ನರ್ಧ ಹಳೆಯ ಕಾಯುವಿಕೆಯ ಸಿಟ್ಟು. ಒಂಬತ್ತನೇ ಸಂಪುಟ ಬಂದದ್ದು 2000ದ ನವೆಂಬರಿನಲ್ಲಿ, ಹತ್ತನೆಯದು 2003ರ ಜನವರಿಯಲ್ಲಿ, ಹನ್ನೊಂದನೆಯದು 2005ರ ಅಕ್ಟೋಬರಿನಲ್ಲಿ. ಪೆರಿನ್‌ನ ಹೆಂಡತಿ ಫೈಲ್ ಶತ್ರುಗಳ ಕೈಗೆ ಸಿಕ್ಕಿದ್ದು 1998ರಲ್ಲಿ ಬಂದ ಎಂಟನೇ ಸಂಪುಟದ ಕೊನೆಗೆ, ಬಿಡುಗಡೆಯಾದದ್ದು ಹನ್ನೊಂದರಲ್ಲಿ. ಆಗಿನ ಓದುಗರು ಒಂದು ಅಪಹರಣದ ಕಥೆ ಮುಗಿಯಲಿ ಎಂದು ಏಳು ವರ್ಷ ಕೂತಿದ್ದರು. ಅವರು ಹತ್ತನೆಯದರ ಮೇಲೆ ಬರೆದ ಮಾತುಗಳಲ್ಲಿ ಆ ಏಳು ವರ್ಷದ ಭಾರವೂ ಸೇರಿದೆ. ಈಗ ಓದುವವರ ಕೈಯಲ್ಲಿ ಹದಿನಾಲ್ಕೂ ಸಂಪುಟಗಳಿವೆ. ಆದರೂ ಬಹಳ ಜನ ಪುಸ್ತಕ ತೆರೆಯುವ ಮುಂಚೆಯೇ ಆ ಹಳೆಯ ಮಾತುಗಳನ್ನು ಓದಿಕೊಂಡು, 'ಇದು ಕೆಟ್ಟದ್ದಂತೆ' ಎಂಬ ಮನಸ್ಸಿನಲ್ಲೇ ಕೂರುತ್ತಾರೆ.

ಇಂಥ ಸಂಪುಟ ಓದುವಾಗ ನಮ್ಮವೇ ಎರಡು ಪ್ರಶ್ನೆ ಜೊತೆಗಿಟ್ಟುಕೊಳ್ಳಿ. ಅರಣ್ಯಪರ್ವದಲ್ಲಿ ಪಾಂಡವರು ಕಾಡಲ್ಲಿ ಅಲೆಯುತ್ತಾರೆ, ಕುರುಕ್ಷೇತ್ರ ಇನ್ನೂ ಬಹುದೂರ. ಆದರೆ ಅರ್ಜುನನಿಗೆ ಪಾಶುಪತ ಸಿಗುವುದು ಅಲ್ಲೇ, ಊರ್ವಶಿಯ ಶಾಪ ತಗಲುವುದೂ ಅಲ್ಲೇ. ಆ ಶಾಪ ಇಲ್ಲದಿದ್ದರೆ ವಿರಾಟಪರ್ವಕ್ಕೆ ಬೃಹನ್ನಳೆ ಎಲ್ಲಿಂದ ಬರಬೇಕು? ಹಾಗಾಗಿ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಭಾಗದಲ್ಲಿ ಯಾರಿಗೆ ಯಾವ ಅಸ್ತ್ರ ಸಿಕ್ಕಿತು? ಯಾರ ತಲೆಗೆ ಯಾವ ಶಾಪ ಬಂತು?

ಹತ್ತನೇ ಸಂಪುಟದ 27ನೇ ಅಧ್ಯಾಯ ಹೀಗೆ ಓದಿ ನೋಡಿ. ಪೆರಿನ್ ಮೂಲದಲ್ಲಿ ಕಮ್ಮಾರ. ಕೊಡಲಿ ಹಿಡಿಯಬೇಕೋ, ಸುತ್ತಿಗೆ ಹಿಡಿಯಬೇಕೋ ಎಂಬ ತೊಳಲಾಟ ಅವನಿಗೆ ಸರಣಿಯ ಆರಂಭದ ಸಂಪುಟಗಳಿಂದಲೂ ಇದೆ. ಹೆಂಡತಿಯ ಸುಳಿವಿಗಾಗಿ ಅವನು, ಅವಳನ್ನು ಹಿಡಿದೊಯ್ದ ಶಾಯ್ಡೊ ಪಂಗಡದ ಸೆರೆಯಾಳುಗಳನ್ನು ವಿಚಾರಿಸುತ್ತಾನೆ. ನೋವಿಗೆ ಅವರು ಬಗ್ಗುವವರಲ್ಲ. ಅವನು ಕೊಡಲಿ ಎತ್ತಿ ಒಬ್ಬನ ಕೈಯನ್ನೇ ಕಡಿದುಹಾಕುತ್ತಾನೆ. ಬಾಯಿ ಬಿಡದಿದ್ದರೆ ಕೈಕಾಲಿಲ್ಲದ ಭಿಕ್ಷುಕರನ್ನಾಗಿ ಮಾಡಿ ಬಿಡುತ್ತೇನೆ ಎಂದು ಹೆದರಿಸುತ್ತಾನೆ. ಆಮೇಲೆ ಆ ಕೊಡಲಿಯನ್ನು ಮರದ ಕಾಂಡಕ್ಕೆ ನೆಟ್ಟು, ಅಲ್ಲೇ ಬಿಟ್ಟು ನಡೆಯುತ್ತಾನೆ. ಮತ್ತೆ ಅದನ್ನು ತೆಗೆದುಕೊಳ್ಳುವುದಿಲ್ಲ. 13ನೇ ಸಂಪುಟದಲ್ಲಿ ಅವನೇ ಕುಲುಮೆಯ ಮುಂದೆ ನಿಂತು ತನ್ನ ಸುತ್ತಿಗೆ ಬಡಿಯುವ ಅಧ್ಯಾಯವಿದೆ. ಸರಣಿಯ ಅತ್ಯುತ್ತಮ ಅಧ್ಯಾಯಗಳಲ್ಲಿ ಅದೊಂದು ಎಂಬುದು ನಮ್ಮ ಅಭಿಪ್ರಾಯ. ಅದರ ಬೆಂಕಿ ಹೊತ್ತಿದ್ದು ಹತ್ತನೇ ಸಂಪುಟದ ಆ ಮರದ ಬುಡದಲ್ಲಿ. 27ನೇ ಅಧ್ಯಾಯ ಓದದೆ ನೇರ 13ಕ್ಕೆ ಹೋದವರಿಗೆ ಆ ಸುತ್ತಿಗೆ ಬರೀ ಕಬ್ಬಿಣ.

ಪ್ರಶ್ನೆ: ಹತ್ತನೆಯದನ್ನು ಬಿಟ್ಟು, ಸಾರಾಂಶ ಓದಿಕೊಂಡು ಹನ್ನೊಂದಕ್ಕೆ ಹೋದರೆ ನಷ್ಟವೇನು?
— ಓದುಗರು, ಸಿಂಧನೂರು
(ಗುಟ್ಟು: 'ವೀಲ್ ಆಫ್ ಟೈಮ್' 10ನೇ ಸಂಪುಟದವರೆಗೆ)

ಪೂರ್ತಿ ಬಿಡಬೇಡಿ. ಓದುವ ವೇಗವನ್ನು ಬದಲಿಸಿ.

ಪುಸ್ತಕದಲ್ಲಿ ಪೀಠಿಕೆ, 30 ಅಧ್ಯಾಯ, ಕೊನೆಯ ಸಣ್ಣ ಭಾಗ ಇವೆ. ಪೀಠಿಕೆ ಬಹಳ ಉದ್ದ, ಪಾತ್ರದಿಂದ ಪಾತ್ರಕ್ಕೆ ಹಾರುತ್ತದೆ. ಎಷ್ಟೋ ಜನ ಕೈಬಿಡುವುದು ಇಲ್ಲೇ. ಅಲ್ಲಿ ಪ್ರತಿ ತುಣುಕಿಗೆ ಒಂದೇ ಸಾಲಿನ ಟಿಪ್ಪಣಿ ಮಾಡಿಕೊಂಡು ದಾಟಿ. ಮೊದಲ ಮೂರು ಅಧ್ಯಾಯ ಮತ್ತು 28, 29ನೆಯವು ಮ್ಯಾಟ್‌ನವು, ನಿಧಾನಕ್ಕೆ ಓದಿ. ಅವನಿಗೂ ಅವನು ಹಿಡಿದು ತಂದಿರುವ ಟುವಾನ್‌ಗೂ ನಡೆಯುವ ಮಾತಿನ ಮೇಲಾಟವೇ ಮುಂದಿನ ಸಂಪುಟದ ಜೀವ. ಎಲೇನ್ ಸಿಂಹಾಸನಕ್ಕಾಗಿ ಓಡಾಡುವ ಅಧ್ಯಾಯಗಳಲ್ಲಿ ವೇಗ ಹೆಚ್ಚಿಸಬಹುದು. ಪಟ್ಟ ಏರಲು ಅವಳಿಗೆ ಹತ್ತು ಮನೆತನಗಳ ಬೆಂಬಲ ಬೇಕು. ಯಾವ ಮನೆತನ ಯಾವ ಕಡೆ ಎಂದು ಬರೆದಿಟ್ಟುಕೊಂಡರೆ ಅಲ್ಲಿಗೆ ಸಾಕು. ಎಗ್ವೇನ್‌ಳ ಸಭೆಯ ಅಧ್ಯಾಯಗಳನ್ನು ಹಾಗೆ ಓಡಿಸಬೇಡಿ, ಅಲ್ಲಿ ತೆಗೆದುಕೊಂಡ ತೀರ್ಮಾನಗಳು ಕೊನೆಯವರೆಗೂ ಬೆನ್ನು ಹತ್ತುತ್ತವೆ. 30ನೇ ಅಧ್ಯಾಯ ಏನೇ ಆದರೂ ಬಿಡುವಂತಿಲ್ಲ. ಎಗ್ವೇನ್ ಸೆರೆಯಾಗುವುದು ಅಲ್ಲಿ. 12ನೇ ಸಂಪುಟದ ಅರ್ಧ ಬಲ ನಿಂತಿರುವುದೇ ಆ ಸೆರೆಯ ಮೇಲೆ.

ಸಾರಾಂಶ ಓದಿದರೆ ಏನಾಯಿತು ಎಂಬುದು ತಿಳಿಯುತ್ತದೆ. ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದು ತಿಳಿಯುವುದಿಲ್ಲ. ಪೆರಿನ್‌ನ ಹತಾಶೆ ಅರ್ಥವಾಗಬೇಕಾದರೆ ಅವನ ಜೊತೆ ಸ್ವಲ್ಪ ದಣಿಯಲೇಬೇಕು.

ಪ್ರಶ್ನೆ: 'ನ್ಯೂ ಸ್ಪ್ರಿಂಗ್' ಅನ್ನು ಯಾವಾಗ ಓದಬೇಕು? ಮೊದಲನೆಯದಕ್ಕೂ ಮುಂಚಿನ ಕಥೆ ಅಂತಾರಲ್ಲ.
— ಓದುಗರು, ಕಾರಟಗಿ

ಹತ್ತು ಮುಗಿಸಿ, ಹನ್ನೊಂದು ಹಿಡಿಯುವ ಮುಂಚೆ. ಅದು ಪ್ರಕಟವಾದದ್ದೂ ಅಲ್ಲೇ, 2004ರಲ್ಲಿ. ಕಥೆ ನಡೆಯುವುದು ಮೊದಲ ಸಂಪುಟಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಿಂದೆ. ಮೊದಲೇ ಓದಿದರೆ ಮ್ವಾರೇನ್ ಮತ್ತು ಲ್ಯಾನ್ ಯಾರು ಎಂಬ ಕುತೂಹಲ ಸತ್ತುಹೋಗುತ್ತದೆ. ಪುಸ್ತಕ ಚಿಕ್ಕದು, ವೇಗವಾಗಿ ಓಡುತ್ತದೆ. ಹತ್ತನೆಯದರ ದಣಿವು ಆರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ರಶ್ನೆ: ಸಂಪುಟ ಮುಂದಕ್ಕೆ ಹೋದಂತೆ ಕಥೆ ಯಾಕೆ ನಿಧಾನವಾಗುತ್ತದೆ? ನನಗಿಷ್ಟವಾದ ಮ್ಯಾಟ್ ಎಂಟನೆಯದರಲ್ಲಿ ಇಲ್ಲವೇ ಇಲ್ಲ!
— ಓದುಗರು, ಮಾನ್ವಿ
(ಗುಟ್ಟು: 'ವೀಲ್ ಆಫ್ ಟೈಮ್' 9ನೇ ಸಂಪುಟದವರೆಗೆ)

ಮಾನ್ವಿಯವರಿಗೆ ಟೇಲ್ ಎಂಡ್ ಎಂದರೇನು ಎಂದು ವಿವರಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಅಷ್ಟೇ ಇದ್ದು, ಮೇಲಿನ ತೂಬುಗಳು ಜಾಸ್ತಿಯಾದರೆ ಕೊನೆಯ ಹೊಲಕ್ಕೆ ಏನು ಸಿಗುತ್ತದೆ? ಇಲ್ಲೂ ಹಾಗೆಯೇ. ಒಂದು ಸಂಪುಟದಲ್ಲಿ ಹಿಡಿಸುವ ಪುಟಗಳಿಗೆ ಮಿತಿ ಇದೆ. ಮೊದಲ ಸಂಪುಟದಲ್ಲಿ ಕಥೆ ಬಹುಪಾಲು ರಾಂಡ್ ಒಬ್ಬನ ಬೆನ್ನು ಹಿಡಿದು ಹೋಗುತ್ತಿತ್ತು. ಆಮೇಲೆ ಗೆಳೆಯರು ಚದುರಿದರು, ಒಬ್ಬೊಬ್ಬರಿಗೂ ಒಂದೊಂದು ಪಡೆ, ಒಂದೊಂದು ಆಸ್ಥಾನ, ಒಂದೊಂದು ಶತ್ರು. ಎಂಟು ಎಳೆಗೆ ಪುಟ ಹಂಚಿದರೆ ಒಂದೊಂದು ಎಳೆ ಒಂದು ಸಂಪುಟದಲ್ಲಿ ಎರಡು ಹೆಜ್ಜೆ ಇಟ್ಟರೆ ಹೆಚ್ಚು. ಇಲ್ಲವಾದರೆ ಯಾವುದಾದರೂ ತೂಬನ್ನು ಪೂರ್ತಿ ಮುಚ್ಚಬೇಕು. ಎಂಟನೆಯದರಲ್ಲಿ ಜೋರ್ಡನ್ ಮುಚ್ಚಿದ್ದು ಮ್ಯಾಟ್‌ನ ತೂಬು. ಏಳನೇ ಸಂಪುಟದಲ್ಲಿ ಗೋಡೆ ಕುಸಿದು ಅವನ ಮೇಲೆ ಬೀಳುತ್ತದೆ, ಮತ್ತೆ ಅವನು ಸಿಗುವುದು ಒಂಬತ್ತರಲ್ಲಿ, ಮುರಿದ ಕಾಲು ಕೂಡಿಕೊಳ್ಳುತ್ತಿರುವಾಗ. 1996ರಲ್ಲಿ ಗೋಡೆ ಬಿತ್ತು, 2000ದಲ್ಲಿ ಅವನ ಗತಿ ತಿಳಿಯಿತು.

ಎರಡೂ ದಾರಿಗೆ ಬೆಲೆ ತೆರಬೇಕು. ತೂಬು ಮುಚ್ಚುವುದೇ ಮೇಲು ಎನ್ನುತ್ತೇವೆ. ಎಲ್ಲರಿಗೂ ತಲಾ ಒಂದು ಬೊಗಸೆ ಕೊಟ್ಟ ಹತ್ತನೇ ಸಂಪುಟದಲ್ಲಿ ಯಾವ ಹೊಲವೂ ನೆನೆಯಲಿಲ್ಲ.

ಪ್ರಶ್ನೆ: ಆರು ತಿಂಗಳು ಬಿಟ್ಟು ಮುಂದಿನ ಸಂಪುಟ ತೆಗೆದರೆ ಹೆಸರುಗಳೇ ನೆನಪಿರುವುದಿಲ್ಲ. ಮತ್ತೆ ಮೊದಲಿಂದ ಓದಲು ಪುರುಸೊತ್ತಿಲ್ಲ. ಏನು ಮಾಡಲಿ?
— ಶಿಕ್ಷಕಿ, ಗಂಗಾವತಿ

ಶ್ರಾವಣದಲ್ಲಿ ನಮ್ಮ ಕಡೆಯ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದಲ್ಲ, ಅಲ್ಲಿ ಪ್ರವಚನಕಾರರು ನಿನ್ನೆ ಕಥೆ ಎಲ್ಲಿಗೆ ನಿಂತಿತ್ತು ಎಂದು ನಾಲ್ಕು ಮಾತು ಹೇಳಿಯೇ ಮುಂದುವರಿಯುತ್ತಾರೆ. ಓದುಗರು ಆ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. ಅದನ್ನು ಮಾಡಬೇಕಾದ ಹೊತ್ತು ಸಂಪುಟ ಮುಗಿದ ರಾತ್ರಿ. ಮುಂದಿನದನ್ನು ತೆರೆಯುವ ದಿನ ಕೂತರೆ ತಡವಾಯಿತು, ಅಷ್ಟರಲ್ಲಿ ಎಲ್ಲಾ ಮಸುಕು.

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸಂಪುಟಕ್ಕೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ನಾಲ್ಕು ಗೆರೆ ಎಳೆದು ಹೆಸರು, ಯಾರ ಕಡೆಯವರು, ಕೊನೆಗೆ ಎಲ್ಲಿದ್ದರು, ಏನು ಬಾಕಿ ಉಳಿದಿದೆ ಎಂದು ಬರೆಯಿರಿ. ನಾಲ್ಕನೆಯದೇ ಮುಖ್ಯ. ಒಂಬತ್ತನೇ ಸಂಪುಟಕ್ಕೆ ಒಂದು ಸಾಲು ಹೀಗಿರಬಹುದು: 'ಮ್ಯಾಟ್ / ರಾಂಡ್ ಕಡೆ / ಎಬೂ ದಾರ್‌ನಿಂದ ತಪ್ಪಿಸಿಕೊಂಡ / ಟುವಾನ್‌ಳನ್ನು ಹಿಡಿದಿದ್ದಾನೆ, ಮದುವೆಯ ಭವಿಷ್ಯವಾಣಿ ಬಾಕಿ.' ಬಲಪುಟದಲ್ಲಿ ನಕ್ಷೆಯನ್ನು ಕೈಯಲ್ಲೇ ಒರಟಾಗಿ ಬಿಡಿಸಿ, ಹೆಸರಿನ ಮೊದಲ ಅಕ್ಷರವನ್ನು ಆಯಾ ಊರಿನ ಮೇಲೆ ಹಾಕಿ.

ಇದು ಕೆಡುವುದು ಎಲ್ಲರ ಹೆಸರನ್ನೂ ಬರೆಯಲು ಹೋದಾಗ. ಮೂವತ್ತು ಹೆಸರು ದಾಟಬೇಡಿ. ನಾಲ್ಕನೇ ಕಲಮಿಗೆ ಏನೂ ತೋಚದಿದ್ದರೆ ಆ ಪಾತ್ರ ಪಟ್ಟಿಗೆ ಬೇಡ.

ಇನ್ನೊಂದು ಅನುಕೂಲ ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಸಿಗುವಂಥದ್ದು. ಇಂಗ್ಲಿಷ್ ಅಕ್ಷರದಲ್ಲಿ ಎಲೇನ್, ಎಲಾಯ್ಡ, ಎಗ್ವೇನ್ ಮೂವರೂ ಒಂದೇ ಅಕ್ಷರದಿಂದ ಶುರುವಾಗಿ ಕಣ್ಣಿಗೆ ಕಲಸಿಹೋಗುತ್ತಾರೆ. ಪ್ರತಿ ಸಂಪುಟದ ಕೊನೆಯಲ್ಲಿ ಪದಕೋಶವಿದೆ, ಅದರಲ್ಲಿ ಉಚ್ಚಾರಣೆ ಕೊಟ್ಟಿದ್ದಾರೆ. ಅದನ್ನು ನೋಡಿ ಕನ್ನಡದಲ್ಲಿ ಒಮ್ಮೆ ಬರೆದರೆ ಹೆಸರು ಕಿವಿಗೆ ಕೂರುತ್ತದೆ: ನೈನೀವ್, ಸ್ವಾನ್, ಮ್ವಾರೇನ್. ಕಿವಿಗೆ ಕೂತ ಹೆಸರು ಬೇಗ ಮರೆಯುವುದಿಲ್ಲ. ಕಣ್ಣಲ್ಲೇ ಗುರುತು ಹಿಡಿದು, ಮನಸ್ಸಿನಲ್ಲೂ ಉಚ್ಚರಿಸದೆ ದಾಟಿಸಿದ ಹೆಸರುಗಳೇ ಆರು ತಿಂಗಳಲ್ಲಿ ಅಳಿಸಿಹೋಗುವುದು.

ಪ್ರಶ್ನೆ: 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿ ನೋಡಿ ಪುಸ್ತಕ ಶುರು ಮಾಡಿದೆ. ನಾಲ್ಕನೆಯದರಲ್ಲಿ ಜಾನ್, ಟಿರಿಯನ್, ಡನೇರಿಸ್ ಅವರ ಅಧ್ಯಾಯಗಳೇ ಇಲ್ಲ. ನಾಲ್ಕು ಮತ್ತು ಐದನ್ನು ಸೇರಿಸಿ ಓದಿ ಎಂದು ಕೆಲವರು ಹೇಳುತ್ತಾರೆ. ಸರಿಯೇ?
— ವಿದ್ಯಾರ್ಥಿ, ಬಳ್ಳಾರಿ
(ಗುಟ್ಟು: ಜಾರ್ಜ್ ಮಾರ್ಟಿನ್ ಅವರ ಸರಣಿಯ 5ನೇ ಸಂಪುಟದ ಆರಂಭದವರೆಗೆ)

ಮೊದಲ ಓದಿಗೆ ಬೇಡ, ಎರಡನೇ ಓದಿಗೆ ಖಂಡಿತ ಮಾಡಿ.

ನಾಲ್ಕನೆಯದಾದ 'ಎ ಫೀಸ್ಟ್ ಫಾರ್ ಕ್ರೋಸ್' 2005ರಲ್ಲಿ ಬಂತು, ಐದನೆಯದಾದ 'ಎ ಡಾನ್ಸ್ ವಿತ್ ಡ್ರ್ಯಾಗನ್ಸ್' 2011ರಲ್ಲಿ. ಎರಡೂ ಮೂಲದಲ್ಲಿ ಒಂದೇ ಪುಸ್ತಕವಾಗಬೇಕಿತ್ತು. ಉದ್ದ ಮೀರಿದಾಗ ಮಾರ್ಟಿನ್ ಕಾಲವನ್ನು ನಡುವೆ ಕತ್ತರಿಸದೆ ಪಾತ್ರಗಳನ್ನು ಎರಡು ಪಾಲು ಮಾಡಿದರು. ಅರ್ಧ ಪಾತ್ರಗಳ ಪೂರ್ತಿ ಕಥೆ ನಾಲ್ಕರಲ್ಲಿ, ಉಳಿದವರದ್ದು ಐದರಲ್ಲಿ. ಐದನೆಯದರ ಮೊದಲ ಭಾಗ ನಾಲ್ಕನೆಯದರ ಪಕ್ಕಪಕ್ಕವೇ ನಡೆದು, ಆಮೇಲೆ ಅದನ್ನು ದಾಟುತ್ತದೆ. ದಾಟಿದ ಮೇಲೆ ಸರ್ಸಿ, ಜೇಮಿಯಂಥವರು ಮರಳುತ್ತಾರೆ.

ಎರಡನ್ನೂ ಹೆಣೆದು ಓದಿದರೆ ಏನು ಕಳೆಯುತ್ತದೆ ಎಂಬುದಕ್ಕೆ ಒಂದೇ ದೃಶ್ಯ ಸಾಕು. ಜಾನ್ ತನ್ನ ಗೆಳೆಯ ಸ್ಯಾಮ್‌ನನ್ನು ಕರೆದು, ಓಲ್ಡ್‌ಟೌನ್ ನಗರಕ್ಕೆ ಹೋಗಿ ಮೇಸ್ಟರ್ (ಪಂಡಿತ) ಆಗಿ ಬಾ ಎಂದು ಅಪ್ಪಣೆ ಮಾಡುತ್ತಾನೆ. ಈ ಮಾತುಕತೆ ಎರಡೂ ಸಂಪುಟದಲ್ಲಿದೆ, ಮಾತುಗಳೂ ಹೆಚ್ಚುಕಡಿಮೆ ಅವೇ. ನಾಲ್ಕರಲ್ಲಿ ನಾವು ಸ್ಯಾಮ್‌ನ ಒಳಗಿರುತ್ತೇವೆ, ಗೆಳೆಯ ಯಜಮಾನನಾಗಿ ತಣ್ಣಗೆ ಮಾತಾಡುತ್ತಿದ್ದಾನೆ ಎಂದು ನೋಯುತ್ತೇವೆ. ಐದರಲ್ಲಿ ಜಾನ್‌ನ ಒಳಗಿದ್ದು, ಆ ತಣ್ಣನೆಯ ಮುಖ ಹೊರಲು ಅವನಿಗೆ ಎಷ್ಟು ಕಷ್ಟವಾಯಿತು ಎಂದು ನೋಡುತ್ತೇವೆ. ಜೊತೆಗೆ ಇನ್ನೊಂದು ಗುಟ್ಟಿದೆ. ಜಾನ್ ಎರಡು ಕೂಸುಗಳನ್ನು ಅದಲುಬದಲು ಮಾಡಿಸಿರುತ್ತಾನೆ. ನಾಲ್ಕರಲ್ಲಿ ಒಂದು ಕೂಸಿನ ತಾಯಿ, ಸ್ಯಾಮ್‌ನ ಜೊತೆ ಹೊರಟ ಗಿಲಿ ಯಾಕೆ ಹಡಗಿನಲ್ಲಿ ಒಂದೇ ಸಮನೆ ಅಳುತ್ತಾಳೆ ಎಂಬುದು ಸ್ಯಾಮ್‌ಗೂ ನಮಗೂ ತಡವಾಗಿ ಹೊಳೆಯುತ್ತದೆ. ಐದರಲ್ಲಿ ಅದು ನೇರವಾಗಿ ಕಣ್ಣ ಮುಂದೆ ನಡೆಯುತ್ತದೆ. ಐದನೆಯದರ ಅಧ್ಯಾಯವನ್ನು ಮೊದಲೇ ಓದಿದರೆ ಆ ಅಳುವಿನ ಒಗಟು ಹೋಯಿತು.

ನಾಲ್ಕರಲ್ಲಿ ಪೀಠಿಕೆ ಸೇರಿ 46 ಅಧ್ಯಾಯ, ಐದರಲ್ಲಿ ಪೀಠಿಕೆ, ಉಪಸಂಹಾರ ಸೇರಿ 73. ಎರಡನೇ ಓದಿನಲ್ಲಿ ಎರಡು ಬುಕ್‌ಮಾರ್ಕ್ ಇಟ್ಟುಕೊಂಡು, ಜಾನ್, ಸ್ಯಾಮ್ ಇರುವ ಉತ್ತರದ ಗೋಡೆಯ ಅಧ್ಯಾಯಗಳನ್ನು ಅಕ್ಕಪಕ್ಕ ಓದಿ ನೋಡಿ.

ಕೊಳ್ಳುವಾಗ ಒಂದು ಎಚ್ಚರ. ನಮ್ಮಲ್ಲಿ ಸಿಗುವ ಪೇಪರ್‌ಬ್ಯಾಕಿನಲ್ಲಿ ಮೂರನೇ ಸಂಪುಟವನ್ನೂ ಐದನೇ ಸಂಪುಟವನ್ನೂ ಎರಡೆರಡು ಪುಸ್ತಕವಾಗಿ ಒಡೆದಿರುತ್ತಾರೆ. ಏಳು ಪುಸ್ತಕದ ಪೆಟ್ಟಿಗೆ ಎಂದರೆ ಐದೇ ಸಂಪುಟ. 'ಆಫ್ಟರ್ ದ ಫೀಸ್ಟ್' ಎಂದಿರುವುದು ಐದನೆಯದರ ಎರಡನೇ ಅರ್ಧ, ಅದನ್ನು ಆರನೆಯದು ಎಂದು ತಿಳಿದು ಕೊಳ್ಳಬೇಡಿ. ಆರನೆಯದು ಈ ಅಂಕಣ ಬರೆಯುವ ಹೊತ್ತಿಗೂ ಬಂದಿಲ್ಲ.

ಪ್ರಶ್ನೆ: ಹನ್ನೊಂದು ವರ್ಷದ ಮಗ 'ಹ್ಯಾರಿ ಪಾಟರ್' ನಾಲ್ಕನ್ನೂ ಓದಿ, ಐದನೆಯದರಲ್ಲಿ ನಿಂತುಬಿಟ್ಟಿದ್ದಾನೆ. 'ಹ್ಯಾರಿ ಬರೀ ಸಿಟ್ಟು ಮಾಡ್ಕೊಂತಾನ' ಅಂತಾನೆ. ಒತ್ತಾಯ ಮಾಡಲೇ?
— ತಾಯಿ, ಕುಷ್ಟಗಿ

ಒತ್ತಾಯ ಬೇಡಮ್ಮ, ಸ್ವಲ್ಪ ಹೆಗಲು ಕೊಡಿ. ಮಗ ಸರಿಯಾದ ಜಾಗದಲ್ಲೇ ನಿಂತಿದ್ದಾನೆ. ಬ್ಲೂಮ್ಸ್‌ಬರಿ ಮುದ್ರಣದಲ್ಲಿ ಮೊದಲ ಪುಸ್ತಕ 223 ಪುಟ ಇದ್ದದ್ದು ಐದನೆಯದು 766 ಪುಟ, ಏಳರಲ್ಲಿ ಇದೇ ಅತಿ ಉದ್ದ. ಪುಟ ಎಣಿಸುವ ವಯಸ್ಸು ಅದು. ಶಾಲೆಯ ಸಭಾಂಗಣಕ್ಕೆ ಹ್ಯಾರಿ ಕಾಲಿಡುವುದು 11ನೇ ಅಧ್ಯಾಯದಲ್ಲಿ. ಮಕ್ಕಳಿಗೆ ಈ ಸರಣಿ ಎಂದರೆ ಆ ಶಾಲೆಯೇ. ಅದಿಲ್ಲದ ಹತ್ತು ಅಧ್ಯಾಯ ಅವರಿಗೆ ದಾರಿ ಸವೆಯದ ಪ್ರಯಾಣ.

ಸಿಟ್ಟಿನ ಮಾತೂ ನಿಜ. ಹ್ಯಾರಿಗೆ ಈಗ ಹದಿನೈದು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕಿರುಚುವ ಸಾಲುಗಳಿವೆ. ಹಿಂದಿನ ಪುಸ್ತಕದ ಕೊನೆಗೆ ಅವನ ಕಣ್ಣೆದುರೇ ಒಬ್ಬ ಹುಡುಗ ಸತ್ತ, ಬೇಸಿಗೆಯಿಡೀ ಯಾರೂ ಅವನಿಗೆ ಏನೂ ಹೇಳಲಿಲ್ಲ. ಇದನ್ನು ಮಗನಿಗೆ ಒಮ್ಮೆ ನೆನಪಿಸಿ, ಸಿಟ್ಟಿನ ಬೇರು ಕಾಣುತ್ತದೆ. ಮೊದಲ ಹತ್ತು ಅಧ್ಯಾಯ ರಾತ್ರಿ ನೀವೇ ಗಟ್ಟಿಯಾಗಿ ಓದಿ ಹೇಳಿ. ಇಂಗ್ಲಿಷ್ ಓದಿ ಅಲ್ಲಲ್ಲೇ ಕನ್ನಡದಲ್ಲಿ ಹೇಳಿದರೂ ಆದೀತು. ಒಟ್ಟು 38 ಅಧ್ಯಾಯ, ದಿನಕ್ಕೊಂದು ಎಂದರೆ ಏಪ್ರಿಲ್-ಮೇ ರಜೆಯಲ್ಲಿ ಮುಗಿಯುತ್ತದೆ. ಹೊಸ ಶಿಕ್ಷಕಿ ಕೊಡುವ ಶಿಕ್ಷೆಯ ಭಾಗ 13ನೇ ಅಧ್ಯಾಯದಲ್ಲಿ ಬರುತ್ತದೆ. ಬರೆದ ಸಾಲು ಹುಡುಗನ ಕೈಯ ಮೇಲೇ ಗಾಯವಾಗಿ ಮೂಡುತ್ತದೆ. ಅದನ್ನೂ, ಕೊನೆಯ ನಾಲ್ಕು ಅಧ್ಯಾಯಗಳನ್ನೂ ಅವನು ಒಬ್ಬನೇ ಓದದಂತೆ ನೋಡಿಕೊಳ್ಳಿ. ಆಗಲೂ ಬೇಡವೆಂದರೆ ಒಂದು ವರ್ಷ ಬಿಡಿ. ಹನ್ನೆರಡು-ಹದಿಮೂರಕ್ಕೆ ಇದೇ ಪುಸ್ತಕ ಅವನಿಗೆ ಹೆಚ್ಚು ಹಿಡಿಸೀತು.

ಪ್ರಶ್ನೆ: ಲೇಖಕರು ತೀರಿಕೊಂಡ ಮೇಲೆ ಬೇರೆಯವರು ಬರೆದ ಸಂಪುಟಗಳನ್ನು ಅದೇ ಸರಣಿ ಎಂದು ಒಪ್ಪಬಹುದೇ?
— ಓದುಗರು, ಸಂಡೂರು

ಹಂಪಿಯ ನೆರೆಯವರು ಈ ಪ್ರಶ್ನೆ ಕೇಳಿದ್ದು ಸಂತೋಷ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಗದಾಪರ್ವದ ಮುಂದಿನದನ್ನು ಬರೆದು ಕನ್ನಡ ಭಾರತವನ್ನು ಪೂರ್ತಿ ಮಾಡಿದವನು ತಿಮ್ಮಣ್ಣ ಕವಿ, ವಿಜಯನಗರದಲ್ಲಿ ಕೃಷ್ಣದೇವರಾಯನ ಆಶ್ರಯದಲ್ಲಿ. ಬಾಣಭಟ್ಟನ 'ಕಾದಂಬರಿ'ಯನ್ನು ಮುಗಿಸಿದ್ದು ಅವನ ಮಗ. ಒಬ್ಬರು ಹೊತ್ತ ಹೊರೆಯನ್ನು ಇನ್ನೊಬ್ಬರು ಊರು ಮುಟ್ಟಿಸುವುದು ನಮಗೆ ಹೊಸದಲ್ಲ.

ಜೋರ್ಡನ್ ತೀರಿಕೊಂಡದ್ದು 2007ರ ಸೆಪ್ಟೆಂಬರ್ 16ರಂದು. ಅವರ ಪತ್ನಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳಿದ್ದವು, ಕಟ್ಟಕಡೆಯ ದೃಶ್ಯವನ್ನು ಅವರೇ ಬರೆದಿಟ್ಟಿದ್ದರು. ಒಂದೇ ಸಂಪುಟ ಎಂದುಕೊಂಡದ್ದು ಮೂರಾಗಿ 2009, 2010, 2013ರಲ್ಲಿ ಬಂತು.

ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ತಿಮ್ಮಣ್ಣ ಕವಿಯೂ ಭಾಮಿನಿ ಷಟ್ಪದಿಯಲ್ಲೇ ಬರೆದ, ಛಂದಸ್ಸು ಒಂದೇ. ಆದರೆ ಕುಮಾರವ್ಯಾಸನ ರೂಪಕಗಳ ಹೊಡೆತಕ್ಕೆ ಒಗ್ಗಿದ ಕಿವಿಗೆ ಕೈ ಬದಲಾದದ್ದು ತಕ್ಷಣ ತಿಳಿಯುತ್ತದೆ. ಇಲ್ಲೂ 12ನೇ ಸಂಪುಟದಲ್ಲಿ ಮ್ಯಾಟ್ ಆಡುವ ತಮಾಷೆ ಅವನದಲ್ಲ ಎಂದು ಬಹಳ ಓದುಗರಿಗೆ ಅನ್ನಿಸಿತು, ಆ ದೂರು ನ್ಯಾಯವಾದದ್ದು. ಬಟ್ಟೆಬರೆ, ಊಟ, ಸಭೆಗಳ ಉದ್ದ ವರ್ಣನೆ ಕಡಿಮೆಯಾಗಿ ಕಥೆ ಓಡತೊಡಗುತ್ತದೆ. 14ನೇ ಸಂಪುಟದ 37ನೇ ಅಧ್ಯಾಯ ಒಂದೇ ಸುಮಾರು ಇನ್ನೂರು ಪುಟ, ಪೂರ್ತಿ ಯುದ್ಧ. ಅದನ್ನು ಭಾನುವಾರ ಬೆಳಿಗ್ಗೆ ಹಿಡಿಯಿರಿ, ರಾತ್ರಿ ಮಲಗುವ ಮುಂಚೆ ಹಿಡಿಯಬೇಡಿ. ನಮ್ಮ ಮಟ್ಟಿಗೆ ಇವು ಅದೇ ಸರಣಿಯ ಸಂಪುಟಗಳೇ.

ಪ್ರಶ್ನೆ: ಸಾವಿರ ಪುಟದ ಪೇಪರ್‌ಬ್ಯಾಕ್. ಎರಡನೇ ಓದಿಗೇ ಬೆನ್ನು ಸೀಳಿ ಹಾಳೆ ಉದುರುತ್ತಿವೆ. ರಾಯಚೂರಿನ ಬಿಸಿಲಿಗೆ ಹೀಗಾಗುತ್ತದೆಯೇ?
— ಓದುಗರು, ರಾಯಚೂರು

ಬಿಸಿಲು ಅರ್ಧ ಕಾರಣ. ಇವುಗಳಿಗೆ ಹೊಲಿಗೆ ಇರುವುದಿಲ್ಲ, ಹಾಳೆಯ ಅಂಚಿಗೆ ಕಾಯಿಸಿದ ಅಂಟು ಹಾಕಿ ರಟ್ಟು ಕೂರಿಸಿರುತ್ತಾರೆ. ಬಿಸಿಲು ಬೀಳುವ ಕಿಟಕಿಯ ಬಳಿ, ತಗಡಿನ ಮಾಡಿನ ಕೆಳಗೆ ಇಟ್ಟರೆ ಅಂಟು ಕ್ರಮೇಣ ಬಿರುಸಾಗುತ್ತದೆ. ಅದರ ಮೇಲೆ ಪುಸ್ತಕವನ್ನು ನಡುಮಧ್ಯಕ್ಕೆ ತೆರೆದು ಅಂಗಾತ ಒತ್ತಿದರೆ ಬೆನ್ನು ಅಲ್ಲೇ ಸೀಳುತ್ತದೆ.

ಹೊಸ ಪುಸ್ತಕ ತಂದ ದಿನ ಬೆನ್ನನ್ನು ಮೇಜಿನ ಮೇಲೆ ಊರಿ, ಎರಡು ರಟ್ಟನ್ನೂ ಬಿಡಿಸಿ, ಮುಂದಿನಿಂದ ಇಪ್ಪತ್ತು ಹಾಳೆ, ಹಿಂದಿನಿಂದ ಇಪ್ಪತ್ತು ಹಾಳೆ ಮೆತ್ತಗೆ ಒತ್ತುತ್ತಾ ನಡುವಿಗೆ ಬನ್ನಿ. ಹೀಗೆ ಮಾಡಿದರೆ ಅಂಟು ಒಂದೇ ಕಡೆ ಮುರಿಯದೆ ಉದ್ದಕ್ಕೂ ಬಾಗುತ್ತದೆ. ಈಗಾಗಲೇ ಉದುರಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ. ಅದು ಹಳದಿಯಾಗಿ, ಅಂಟು ಹರಡಿ, ಪಕ್ಕದ ಹಾಳೆಯನ್ನೂ ಹಿಡಿಯುತ್ತದೆ. ಬಿಳಿ ಫೆವಿಕಾಲ್ ಸಾಕು. ಸ್ವೆಟರ್ ಹೆಣೆಯುವ ಕಡ್ಡಿಯ ತುದಿಗೆ ತೆಳುವಾಗಿ ಸವರಿಕೊಂಡು ಸೀಳಿದ ಜಾಗದ ಉದ್ದಕ್ಕೆ ಎಳೆಯಿರಿ. ಬಿದ್ದ ಹಾಳೆಯ ಒಳ ಅಂಚಿಗೆ ಕೂದಲೆಳೆಯಷ್ಟೇ ಹಚ್ಚಿ, ಮೇಲೆ ಕೆಳಗೆ ತಟ್ಟಿ ಸಮ ಮಾಡಿ ಕೂರಿಸಿ. ಎರಡೂ ಪಕ್ಕ ಮೇಣದ ಕಾಗದ ಇಟ್ಟು, ರುಬ್ಬುಗುಂಡಿನಂಥ ಭಾರ ಹೇರಿ ಒಂದು ಪೂರ್ತಿ ದಿನ ಬಿಡಿ. ಅಂಟು ಜಾಸ್ತಿಯಾದರೆ ಒತ್ತಿದಾಗ ಹೊರಕ್ಕೆ ಬಂದು ನಾಲ್ಕು ಹಾಳೆ ಒಟ್ಟಿಗೆ ಅಂಟಿಕೊಳ್ಳುತ್ತವೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಅಲ್ಲೇ.

ಪ್ರಶ್ನೆ: ಓದಿದ ಸಂಪುಟದ ಬಗ್ಗೆ ನಿಮಗೆ ಅನಿಸಿಕೆ ಬರೆದು ಕಳಿಸಬೇಕೆಂದಿದ್ದೇನೆ. ಹೇಗಿರಬೇಕು?
— ಓದುಗರು, ಲಿಂಗಸುಗೂರು

'ಬೋರ್ ಆಯಿತು' ಎಂದು ನಿಲ್ಲಿಸಬೇಡಿ. ಎಲ್ಲಿ, ಯಾರ ಎಳೆಯಲ್ಲಿ, ಯಾಕೆ ಎಂದು ಹೇಳಿ. ಪತ್ರದ ಮೊದಲ ಸಾಲಿನಲ್ಲೇ ಎಷ್ಟನೇ ಸಂಪುಟದವರೆಗೆ ಓದಿದ್ದೀರಿ, ಹಿಂದಿನದಕ್ಕೂ ಇದಕ್ಕೂ ನಡುವೆ ಎಷ್ಟು ತಿಂಗಳು ಬಿಟ್ಟಿದ್ದಿರಿ ಎಂದು ಬರೆಯಿರಿ. ಒಂದೇ ವಾರದಲ್ಲಿ ಎರಡನ್ನೂ ಓದಿದವರ ಮಾತಿಗೂ ವರ್ಷ ಬಿಟ್ಟು ಓದಿದವರ ಮಾತಿಗೂ ಬೇರೆ ಬೇರೆ ತೂಕ. ಪುಸ್ತಕದ ಮೊದಲ ಕಾಲು ಭಾಗದ ಘಟನೆಗಳನ್ನು ಧಾರಾಳವಾಗಿ ಹೇಳಬಹುದು. ಅದರಾಚೆಗಿನ ಸಾವು, ಮದುವೆ, ದ್ರೋಹಗಳನ್ನು ಹೇಳಲೇಬೇಕಿದ್ದರೆ ಪತ್ರದ ಕೊನೆಗೆ ಬೇರೆ ಪ್ಯಾರಾದಲ್ಲಿ ಹಾಕಿ, ಮೇಲೆ 'ಗುಟ್ಟು' ಎಂದು ಬರೆಯಿರಿ. ಅದನ್ನು ನಾವು ತಲೆಕೆಳಗಾಗಿ ಅಚ್ಚು ಹಾಕುತ್ತೇವೆ.

ಇಂಥ ಒಂದು ಸಾಲು ನಮಗೆ ಹತ್ತು ಹೊಗಳಿಕೆಗಿಂತ ಹೆಚ್ಚು: 'ಪೆರಿನ್ ಹೆಂಡತಿಯನ್ನು ಹುಡುಕುವ ಅಧ್ಯಾಯಗಳಲ್ಲಿ ಪಾಳೆಯದ ಧಾನ್ಯದಲ್ಲಿ ಹುಳು ಬಿದ್ದ ವಿವರ ಚೆನ್ನಾಗಿದೆ, ಆದರೆ ಅಷ್ಟು ಪುಟ ಓದಿದ ಮೇಲೂ ಅವನು ಹೊರಟ ಜಾಗದಿಂದ ಎಷ್ಟು ದೂರ ಬಂದ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ನನಗೆ ಆಗಲಿಲ್ಲ.' 250 ಪದದೊಳಗೆ, ಹಾಳೆಯ ಒಂದೇ ಮಗ್ಗುಲಿಗೆ ಬರೆದು ಕಳಿಸಿ. ಪಾತ್ರಗಳ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ನಿಮ್ಮ ಕಿವಿಗೆ ಕೇಳಿಸಿದ ಹಾಗೆ.